ಎರಡು ವರ್ಷದ ಡಿಗ್ರಿಯೂ ವಿಶ್ವವಿದ್ಯಾನಿಲಯದ ದಾರಿಯೂ

ವಿಶ್ವವಿದ್ಯಾನಿಲಯದ ಡಿಗ್ರಿಯನ್ನು ಪಡೆಯಬೇಕಾದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ವಿದ್ಯಾಲಯದಲ್ಲಿ ಇದ್ದು ಓದಬೇಕೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹೀಗಲ್ಲ. ಅಲ್ಲಿ ಬ್ಯಾಚೆಲರ್ ಡಿಗ್ರಿಯ ವ್ಯಾಸಂಗವು ನಾಲ್ಕು ವರ್ಷದ್ದು. ಆ ನಾಲ್ಕು ವರ್ಷಗಳನ್ನು ಎರಡು ಭಾಗಮಾಡಿ, ಮೊದಲ ಎರಡನ್ನು ತನ್ನ ಊರಿನ ಸಣ್ಣ ಕಾಲೇಜಿನಲ್ಲಿಯೂ ಮಿಕ್ಕ ಎರಡನ್ನು ದೊಡ್ಡ ವಿಶ್ವವಿದ್ಯಾನಿಲಯದಲ್ಲಿಯೂ ಓದತಕ್ಕ ಏರ್ಪಾಡು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಮೊದಲ ಎರಡು ವರ್ಷಗಳ ಕೊನೆಗೆ ದೊರೆಯುವ ಡಿಗ್ರಿಗೆ ಅಸೋಸಿಯೇಟ್ ಡಿಗ್ರಿ ಎಂದು ಹೆಸರು. ಅದನ್ನು ಕೊಡುವ ವಿದ್ಯಾಲಯಕ್ಕೆ ಹಿಂದೆ ಜೂನಿಯರ್ ಕಾಲೇಜು ಎಂದೂ ಈಗ ಹೆಚ್ಚಾಗಿ ಕಮ್ಯೂನಿಟಿ ಕಾಲೇಜು ಎಂದೂ ಹೆಸರು.

ಈ ವಿಷಯವನ್ನು ಕನ್ನಡದಲ್ಲಿ ವಿಚಾರಮಾಡುವುದಕ್ಕೆ ಕಾರಣವಿಲ್ಲದೆ ಇಲ್ಲ. ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ಕಣಿವೆಯಲ್ಲಿ ಕನ್ನಡ ಕುಟುಂಬಗಳು ಅನೇಕ ನೆಲೆಸಿವೆ. ಆ ಕಣಿವೆಯ ಕ್ಯೂಪರ್ಟಿನೋ ಊರಿನಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಡಿ ಆಂಜಾ ಕಾಲೇಜು ಎರಡು ವರ್ಷದ ಕಾಲೇಜುಗಳಲ್ಲಿ ಹೆಸರಾದದ್ದು. ಅಲ್ಲಿಯ ಮೊಮ್ಮಗನೋ ಸೋದರಳಿಯನೋ ಇಂತಹ ಕಾಲೇಜಿಗೆ ಸೇರಿದನೆಂದು ತಿಳಿದಾಗ, ಇಲ್ಲಿಯ ಹಿರಿಯರಿಗೆ ಒಂದು ಸಂದೇಹ ಉಂಟಾಗುವುದು ಸಹಜ: ಅದು ನಿಜವಾದ ಕಾಲೇಜೇ? ಅಲ್ಲಿ ಓದಿದವನು ಮುಂದೆ ವಿಶ್ವವಿದ್ಯಾನಿಲಯಕ್ಕೆ ಹೋಗಬಲ್ಲನೇ? ಹೋಗಬಲ್ಲನು, ಆದರೆ ಹೋಗುವ ದಾರಿಯಲ್ಲಿ ಕೆಲವು ತೊಡಕುಗಳುಂಟು. ಆ ತೊಡಕುಗಳ ಸ್ವರೂಪವೇನು, ಅವುಗಳನ್ನು ಬಿಡಿಸುವ ಬಗೆ ಯಾವುದು ಎಂಬುದನ್ನು ನಾವು ಇಲ್ಲಿ ನೋಡೋಣ.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕು. ಎರಡು ವರ್ಷದ ಕಾಲೇಜು ಎಂದ ಕೂಡಲೆ ನಮಗೆ ಪ್ರೀಯೂನಿವರ್ಸಿಟಿ ಕಾಲೇಜಿನ ನೆನಪು ಬರುತ್ತದೆ. ಅದು ಸರಿಯಾದ ಹೋಲಿಕೆಯಲ್ಲ. ನಮ್ಮ ಪ್ರೀಯೂನಿವರ್ಸಿಟಿ ತರಗತಿಗಳು ಹನ್ನೊಂದನೆಯ ಹನ್ನೆರಡನೆಯ ವರ್ಷಗಳ ವಿದ್ಯಾಭ್ಯಾಸ. ಅಮೆರಿಕದ ಎರಡು ವರ್ಷದ ಕಾಲೇಜು ಆರಂಭವಾಗುವುದು ಹನ್ನೆರಡು ವರ್ಷಗಳ ಶಾಲೆ ಮುಗಿದ ಮೇಲೆ. ಆದ್ದರಿಂದ ಅಲ್ಲಿ ಕಲಿಸತಕ್ಕ ಗಣಿತ, ರಸಾಯನ, ಚರಿತ್ರೆ, ಅರ್ಥಶಾಸ್ತ್ರಗಳು ಬ್ಯಾಚೆಲರ್ ವ್ಯಾಸಂಗದ ಮೊದಲ ಅರ್ಧಕ್ಕೆ ಸೇರಿದವು. ಶಾಲೆಯ ಮುಂದುವರಿಕೆ ಅಲ್ಲ.

ನಿಜವಾದ ಹೋಲಿಕೆ ಬೇಕಾದರೆ ನಮ್ಮ ಹಳೆಯ ಇಂಟರ್‌ಮೀಡಿಯೆಟ್ ವ್ಯಾಸಂಗವನ್ನು ನೆನೆಯಬೇಕು. ಎರಡು ವರ್ಷ ಇಂಟರ್‌ಮೀಡಿಯೆಟ್, ಆಮೇಲೆ ಎರಡು ವರ್ಷ ಬಿ.ಎ. ಅಥವಾ ಬಿ.ಎಸ್‌ಸಿ. ಎಂಬ ಕ್ರಮ ಇಂಡಿಯಾದ ವಿಶ್ವವಿದ್ಯಾನಿಲಯಗಳಲ್ಲಿ ಬಹುಕಾಲ ಇತ್ತು. ಸಣ್ಣ ಪಟ್ಟಣದ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಡಿಗ್ರಿಗಾಗಿ ದೊಡ್ಡ ನಗರಕ್ಕೆ ಹೋದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ. ಆದರೆ ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸವಿದೆ. ಸಣ್ಣ ಕಾಲೇಜಿಗೂ ದೊಡ್ಡ ಕಾಲೇಜಿಗೂ ಪಠ್ಯಕ್ರಮವನ್ನು ಗೊತ್ತುಮಾಡುತ್ತಿದ್ದುದು ಒಂದೇ ವಿಶ್ವವಿದ್ಯಾನಿಲಯ. ಪರೀಕ್ಷೆ ನಡೆಸುತ್ತಿದ್ದುದೂ ಅದೇ. ಇಂಟರ್‌ಮೀಡಿಯೆಟ್ ತೇರ್ಗಡೆಯಾದವನ ಎರಡು ವರ್ಷಗಳ ಬೆಲೆ ಎಷ್ಟೆಂದು ಯಾರೂ ಚರ್ಚೆಮಾಡುತ್ತಿರಲಿಲ್ಲ. ಅಮೆರಿಕದಲ್ಲಿ ಇಂತಹ ಸಮಾನವಾದ ಪರೀಕ್ಷಾಧಿಕಾರ ಇಲ್ಲ. ಪ್ರತಿಯೊಂದು ಕಾಲೇಜೂ ತನ್ನ ಪಾಠವನ್ನು ತಾನೇ ರಚಿಸಿಕೊಳ್ಳುತ್ತದೆ. ಪಾಠ ಹೇಳಿದ ಅಧ್ಯಾಪಕರೇ ಪರೀಕ್ಷಿಸಿ ಅಂಕ ಕೊಡುತ್ತಾರೆ. ಹೀಗಿರುವಾಗ ಒಂದು ಕಾಲೇಜಿನ ಪಾಠವನ್ನು ಇನ್ನೊಂದು ವಿದ್ಯಾಲಯ ಒಪ್ಪಬೇಕೇ, ಒಪ್ಪಿದರೆ ಎಷ್ಟರಮಟ್ಟಿಗೆ ಎಂಬ ಪ್ರಶ್ನೆ ಹುಟ್ಟುವುದು ಅನಿವಾರ್ಯ. ನಾವು ಹೇಳಲಿರುವ ತೊಡಕುಗಳಿಗೆಲ್ಲ ಇದೇ ಮೂಲ.

ಈ ಏರ್ಪಾಡಿನ ಚರಿತ್ರೆ ಸ್ವಾರಸ್ಯವಾದದ್ದು. ೧೮೯೨ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವು ಬಾಗಿಲು ತೆರೆದಾಗ ಅದರ ಅಧ್ಯಕ್ಷರಾಗಿದ್ದವರು ವಿಲಿಯಂ ರೇನಿ ಹಾರ್ಪರ್ ಎಂಬ ವಿದ್ವಾಂಸರು. ಕಾಲೇಜಿನ ಮೊದಲ ಎರಡು ವರ್ಷಗಳು ಶಾಲೆಯ ಸ್ವಭಾವಕ್ಕೆ ಹತ್ತಿರವಾದವು, ಕೊನೆಯ ಎರಡು ವರ್ಷಗಳು ನಿಜವಾದ ವಿಶ್ವವಿದ್ಯಾನಿಲಯಕ್ಕೆ ಸೇರಿದವು ಎಂಬುದು ಅವರ ಅಭಿಪ್ರಾಯ. ಆದಕಾರಣ ತಮ್ಮ ವಿದ್ಯಾಲಯವನ್ನೇ ಅವರು ಎರಡು ಭಾಗಮಾಡಿದರು. ಕೆಲವು ವರ್ಷಗಳಲ್ಲಿ ಆ ಭಾಗಗಳಿಗೆ ಜೂನಿಯರ್ ಕಾಲೇಜು, ಸೀನಿಯರ್ ಕಾಲೇಜು ಎಂಬ ಹೆಸರುಗಳು ಬಂದುವು. ಜೂನಿಯರ್ ಭಾಗವನ್ನು ಮುಗಿಸಿದವರಿಗೆ ೧೯೦೦ರಲ್ಲಿ ಅಸೋಸಿಯೇಟ್ ಎಂಬ ಬಿರುದು ಕೊಡಲ್ಪಟ್ಟಿತು. ಎರಡು ವರ್ಷ ಓದಿ ನಿಲ್ಲಬಯಸುವವನು ಮರ್ಯಾದೆಯಿಂದ ನಿಲ್ಲಲಿ, ಮುಂದುವರಿಯಬಲ್ಲವನು ಮುಂದುವರಿಯಲಿ ಎಂಬುದು ಅದರ ಉದ್ದೇಶ.

ಹಾರ್ಪರರ ಪ್ರೋತ್ಸಾಹದಿಂದ ೧೯೦೧ರಲ್ಲಿ ಷಿಕಾಗೋ ನಗರಕ್ಕೆ ಅನತಿ ದೂರದ ಜೋಲಿಯೆಟ್ ಪಟ್ಟಣದ ಹೈಸ್ಕೂಲಿನಲ್ಲಿ, ಜೆ. ಸ್ಟಾನ್ಲಿ ಬ್ರೌನ್ ಎಂಬ ಶಾಲಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ, ಹೈಸ್ಕೂಲು ಮುಗಿಸಿದವರಿಗೆ ಕಾಲೇಜಿನ ಪಾಠಗಳು ಆರಂಭವಾದುವು. ಮೊದಲು ಸೇರಿದವರು ಆರೇ ಮಂದಿ. ಸರ್ಕಾರಿ ವೆಚ್ಚದಿಂದ ನಡೆಯುವ ಎರಡು ವರ್ಷದ ಕಾಲೇಜುಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಹೇಳುವರು. ಅದು ಇಂದಿಗೂ ಜೋಲಿಯೆಟ್ ಜೂನಿಯರ್ ಕಾಲೇಜೆಂಬ ಹೆಸರಿನಿಂದ ನಡೆಯುತ್ತಿದೆ. ಕ್ಯಾಲಿಫೋರ್ನಿಯ ಸಂಸ್ಥಾನವು ೧೯೦೭ರಲ್ಲಿ ಕಾನೂನನ್ನು ಮಾಡಿ, ಹೈಸ್ಕೂಲುಗಳು ಇಂತಹ ಮೇಲಿನ ಪಾಠಗಳನ್ನು ನಡೆಸಬಹುದೆಂದು ಅನುಮತಿ ಕೊಟ್ಟಿತು. ೧೯೧೦ರಲ್ಲಿ ಫ್ರೆಸ್ನೋ ಎಂಬ ಊರು ಆ ಅನುಮತಿಯನ್ನು ಮೊದಲು ಉಪಯೋಗಿಸಿಕೊಂಡಿತು. ವಿಶ್ವವಿದ್ಯಾನಿಲಯಗಳಿಂದ ದೂರವಾಗಿ, ದ್ರಾಕ್ಷಿಯ ತೋಟಗಳ ನಡುವೆ ಇದ್ದ ಆ ಊರಿನ ಮಕ್ಕಳಿಗೆ ಮನೆಯಲ್ಲಿಯೇ ಊಟಮಾಡಿಕೊಂಡು ಕಾಲೇಜಿನ ಪಾಠವನ್ನು ಕಲಿಯುವ ಸೌಕರ್ಯ ಎಷ್ಟು ದೊಡ್ಡದೆಂಬುದನ್ನು ನಾವು ಊಹಿಸಬಹುದು.

ಎರಡನೆಯ ಮಹಾಯುದ್ಧದ ಅನಂತರ ಈ ಸಣ್ಣ ತೊರೆ ಹೊಳೆಯಾಯಿತು. ಯುದ್ಧದಿಂದ ಹಿಂದಿರುಗತಕ್ಕ ಸೈನಿಕರಿಗೆ ವಿದ್ಯಾಭ್ಯಾಸದ ವೆಚ್ಚವನ್ನು ಕೊಡುವ ಕಾನೂನು ೧೯೪೪ರಲ್ಲಿ ಆಯಿತು. ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಉನ್ನತ ವಿದ್ಯಾಭ್ಯಾಸದ ಸಮಿತಿಯು ೧೯೪೭ರಲ್ಲಿ ವರದಿಯನ್ನು ಒಪ್ಪಿಸಿತು. ಜನರಲ್ಲಿ ನೂರಕ್ಕೆ ೪೯ ಮಂದಿಗಾದರೂ ಹದಿನಾಲ್ಕು ವರ್ಷಗಳ ವಿದ್ಯಾಭ್ಯಾಸವನ್ನು ಮುಗಿಸುವ ಬುದ್ಧಿಶಕ್ತಿಯುಂಟು ಎಂದು ಆ ವರದಿ ಹೇಳಿತು. ಹದಿನಾಲ್ಕು ವರ್ಷಗಳೆಂದರೆ ಹನ್ನೆರಡು ವರ್ಷದ ಶಾಲೆ, ಎರಡು ವರ್ಷದ ಕಾಲೇಜು. ಕಮ್ಯೂನಿಟಿ ಕಾಲೇಜು, ಎಂದರೆ ಊರಿನ ಜನಸಮುದಾಯದ ಕಾಲೇಜು, ಎಂಬ ಹೆಸರಿಗೆ ಪ್ರಚಾರ ಬಂದದ್ದೂ ಆ ವರದಿಯಿಂದಲೇ.

೧೯೬೦ರಲ್ಲಿ ಕ್ಯಾಲಿಫೋರ್ನಿಯವು ಒಂದು ಮಹಾಯೋಜನೆಯನ್ನು ಅಂಗೀಕರಿಸಿತು. ಹೈಸ್ಕೂಲು ಮುಗಿಸಿದವರಲ್ಲಿ ಎಂಟನೆಯ ಒಂದು ಪಾಲಿನ ಉತ್ತಮ ವಿದ್ಯಾರ್ಥಿಗಳು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೂ, ಮೂರನೆಯ ಒಂದು ಪಾಲಿನವರು ಸ್ಟೇಟ್ ಕಾಲೇಜುಗಳಿಗೂ ಅರ್ಹರು. ಕಲಿಯುವ ಇಚ್ಛೆಯುಳ್ಳ ಮಿಕ್ಕ ಎಲ್ಲರಿಗೂ ಎರಡು ವರ್ಷದ ಕಾಲೇಜಿನ ಬಾಗಿಲು ತೆರೆದಿರಬೇಕು. ಹೀಗೆ ಮೂರು ಅಂತಸ್ತುಗಳನ್ನು ಕಟ್ಟಿದವರು ಮೆಟ್ಟಲನ್ನು ಮರೆಯಲಿಲ್ಲ. ವಿಶ್ವವಿದ್ಯಾನಿಲಯದ ಸ್ಥಾನಗಳಲ್ಲಿ ಮೇಲಿನ ಎರಡು ವರ್ಷಗಳಿಗೆ ನೂರಕ್ಕೆ ಅರವತ್ತು, ಕೆಳಗಿನ ಎರಡು ವರ್ಷಗಳಿಗೆ ನಲವತ್ತು ಇರಬೇಕೆಂದು ಗೊತ್ತುಮಾಡಿದರು. ನಡುವೆ ಬರತಕ್ಕವರಿಗೆ ಜಾಗ ಇರಬೇಕಲ್ಲವೇ? ಹದಿನೆಂಟನೆಯ ವಯಸ್ಸಿನಲ್ಲಿ ಅಂಕಗಳು ಕಡಮೆಯಾದುವೆಂಬ ಕಾರಣದಿಂದ, ಅಥವಾ ತಂದೆಯ ಕೈಯಲ್ಲಿ ಹಣವಿಲ್ಲವೆಂಬ ಕಾರಣದಿಂದ, ಒಬ್ಬ ಮನುಷ್ಯನ ಭವಿಷ್ಯವನ್ನು ಮುಚ್ಚಿಬಿಡಬಾರದು. ಇಪ್ಪತ್ತನೆಯ ವಯಸ್ಸಿನಲ್ಲಿ ಅವನಿಗೆ ಮತ್ತೊಂದು ಬಾಗಿಲು ಇರಬೇಕು. ಇದು ಆ ಯೋಜನೆಯ ಧರ್ಮ.

ಇನ್ನು ಈ ವ್ಯಾಸಂಗ ನಡೆಯುವ ರೀತಿಯನ್ನು ನೋಡೋಣ. ಅಮೆರಿಕದ ಕಾಲೇಜುಗಳಲ್ಲಿ ವಿದ್ಯೆಯನ್ನು ಅಳೆಯುವ ಮಾನಕ್ಕೆ ಯೂನಿಟ್ ಅಥವಾ ಕ್ರೆಡಿಟ್ ಎಂದು ಹೆಸರು. ಒಂದು ಸೆಮಿಸ್ಟರಿನಲ್ಲಿ ಸುಮಾರು ಹದಿನೈದು ವಾರಗಳು. ವಾರಕ್ಕೆ ಒಂದು ಗಂಟೆಯ ಪಾಠವನ್ನು ಕೇಳಿ, ಅದಕ್ಕಾಗಿ ಹೊರಗೆ ಎರಡು ಗಂಟೆ ಓದಿದರೆ, ಸೆಮಿಸ್ಟರಿನ ಕೊನೆಗೆ ಒಂದು ಯೂನಿಟ್ ದೊರೆಯುತ್ತದೆ. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ಯೂನಿಟ್ಟುಗಳು. ಬ್ಯಾಚೆಲರ್ ಡಿಗ್ರಿಗೆ ಸಾಮಾನ್ಯವಾಗಿ ೧೨೦ ಯೂನಿಟ್ಟುಗಳು ಬೇಕು. ಅಸೋಸಿಯೇಟ್ ಡಿಗ್ರಿಗೆ ೬೦. ಡಿ ಆಂಜಾದಂತಹ ಕೆಲವು ಕಾಲೇಜುಗಳು ವರ್ಷವನ್ನು ಕ್ವಾರ್ಟರುಗಳಾಗಿ ಭಾಗಿಸುತ್ತವೆ. ಅಲ್ಲಿಯ ೯೦ ಯೂನಿಟ್ಟುಗಳು ಸೆಮಿಸ್ಟರಿನ ೬೦ಕ್ಕೆ ಸಮ.

ಅಸೋಸಿಯೇಟ್ ಡಿಗ್ರಿಯಲ್ಲಿಯೂ ಭೇದಗಳಿವೆ. ಇವನ್ನು ತಿಳಿಯದೆ ಹೆಜ್ಜೆಯಿಡುವುದು ಅಪಾಯಕರ. ಅಸೋಸಿಯೇಟ್ ಇನ್ ಆರ್ಟ್ಸ್, ಅಸೋಸಿಯೇಟ್ ಇನ್ ಸೈನ್ಸ್ ಎಂಬ ಎರಡು ಸಾಮಾನ್ಯವಾಗಿ ಮುಂದಿನ ವ್ಯಾಸಂಗಕ್ಕೆ ದಾರಿಯಾಗತಕ್ಕವು. ಅಸೋಸಿಯೇಟ್ ಇನ್ ಅಪ್ಲೈಡ್ ಸೈನ್ಸ್ ಎಂಬ ಮೂರನೆಯದೊಂದುಂಟು. ಇದು ಯಂತ್ರದ ಕೆಲಸ, ವೈದ್ಯಕೀಯ ಸಹಾಯದ ಕೆಲಸ ಮುಂತಾದ ವೃತ್ತಿಗಳಿಗೆ ನೇರವಾಗಿ ತಯಾರುಮಾಡುವ ಡಿಗ್ರಿ. ವೃತ್ತಿಗೆ ಇದು ಗೌರವವಾದದ್ದೇ. ಆದರೆ ವಿಶ್ವವಿದ್ಯಾನಿಲಯಕ್ಕೆ ದಾಟಿಸುವ ಉದ್ದೇಶದಿಂದ ರಚಿತವಾದದ್ದಲ್ಲ. ಮೂರೂ ಎರಡು ವರ್ಷದವು, ಮೂರಕ್ಕೂ ಡಿಗ್ರಿ ಎಂದೇ ಹೆಸರು. ಹೆಸರಿನ ಬಾಲದಲ್ಲಿರುವ ಒಂದು ಮಾತು ವಿದ್ಯಾರ್ಥಿಯ ಮುಂದಿನ ಎರಡು ವರ್ಷಗಳನ್ನು ನಿರ್ಣಯಿಸಬಲ್ಲದು.

ಅರವತ್ತು ಯೂನಿಟ್ಟುಗಳನ್ನು ಮೂರು ರಾಶಿಗಳಾಗಿ ಭಾವಿಸಬಹುದು. ಮೊದಲನೆಯದು ಸಾಮಾನ್ಯ ವಿದ್ಯೆ: ಇಂಗ್ಲಿಷ್ ಬರವಣಿಗೆ, ಗಣಿತ, ಒಂದೆರಡು ವಿಜ್ಞಾನಗಳು, ಚರಿತ್ರೆ, ಸಮಾಜಶಾಸ್ತ್ರ, ಕಲೆ. ಎರಡನೆಯದು ಮುಖ್ಯ ವಿಷಯಕ್ಕೆ ಬೇಕಾದ ಪೂರ್ವಸಿದ್ಧತೆ. ಎಂಜಿನಿಯರ್ ಆಗಬಯಸುವವನಿಗೆ ಕಲನಶಾಸ್ತ್ರವೂ ಭೌತಶಾಸ್ತ್ರವೂ, ಜೀವಶಾಸ್ತ್ರ ಓದುವವನಿಗೆ ರಸಾಯನಶಾಸ್ತ್ರವೂ ಈ ರಾಶಿಗೆ ಸೇರುತ್ತವೆ. ಮೂರನೆಯದು ವಿದ್ಯಾರ್ಥಿಯು ತನ್ನ ಇಷ್ಟದಂತೆ ಆರಿಸಿಕೊಳ್ಳತಕ್ಕವು. ಈ ಮೂರರಲ್ಲಿ ದಾಟುವವನಿಗೆ ಹೆಚ್ಚು ಮುಖ್ಯವಾದದ್ದು ಎರಡನೆಯದು. ಆದರೆ ಅನೇಕರು ಕೊನೆಗೆ ಉಳಿಸಿಕೊಳ್ಳುವುದೂ ಅದನ್ನೇ, ಏತಕ್ಕೆಂದರೆ ಅದು ಕಷ್ಟ. ಕಲನಶಾಸ್ತ್ರದ ಪಾಠಗಳು ಒಂದರ ಮೇಲೊಂದು ನಿಂತಿರತಕ್ಕವು. ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಪ್ರವೇಶವಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಅದನ್ನು ತಳ್ಳಿಹಾಕಿದವನಿಗೆ ಎರಡು ವರ್ಷವು ಮೂರಾಗುವುದು ಅಪರೂಪವಲ್ಲ.

ಇಲ್ಲಿ ನಾವು ಅತ್ಯಂತ ಸೂಕ್ಷ್ಮವಾದ ಸ್ಥಳಕ್ಕೆ ಬಂದೆವು. ಯೂನಿಟ್ಟನ್ನು ಒಪ್ಪುವುದು ಬೇರೆ, ಅದನ್ನು ಡಿಗ್ರಿಗೆ ಲೆಕ್ಕಹಿಡಿಯುವುದು ಬೇರೆ. ಹಿಂದೆ ರಾಯಚೂರು, ಕಲಬುರಗಿಗಳ ಕಡೆ ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿತ್ತು. ಅದೂ ರೂಪಾಯಿಯೇ, ಬ್ರಿಟಿಷ್ ಸರ್ಕಾರದ್ದೂ ರೂಪಾಯಿಯೇ. ಆದರೆ ಗಡಿಯನ್ನು ದಾಟುವಾಗ ವಟ್ಟ ಕೊಡಬೇಕಾಗಿತ್ತು. ಯೂನಿಟ್ಟಿನ ಸ್ಥಿತಿಯೂ ಹಾಗೆಯೇ. ವಿಶ್ವವಿದ್ಯಾನಿಲಯವು ನಿಮ್ಮ ಅರವತ್ತು ಯೂನಿಟ್ಟುಗಳನ್ನೂ ಒಪ್ಪಿದ್ದೇವೆಂದು ಬರೆಯಬಹುದು. ಆದರೆ ಅವುಗಳಲ್ಲಿ ಹದಿನೈದನ್ನು ಇಷ್ಟವಿಷಯಗಳ ರಾಶಿಗೆ ಹಾಕಿ, ನಿಮ್ಮ ಮುಖ್ಯ ವಿಷಯದ ಪೂರ್ವಸಿದ್ಧತೆಯನ್ನು ಇಲ್ಲಿ ಮತ್ತೆ ಓದಬೇಕೆಂದರೆ, ಆ ಹದಿನೈದು ಯೂನಿಟ್ಟುಗಳು ಕಾಗದದಲ್ಲಿ ಉಳಿದು ಬಾಳಿನಲ್ಲಿ ಕಳೆದುಹೋದವು. ಒಂದು ಸೆಮಿಸ್ಟರಿನ ದುಡಿಮೆ ವಟ್ಟವಾಗಿ ಹೋಯಿತು.

ಈ ನಷ್ಟ ಕಲ್ಪಿತವಲ್ಲ. ಅಮೆರಿಕದ ಸರ್ಕಾರದ ಲೆಕ್ಕಪರಿಶೋಧಕ ಕಛೇರಿಯು ೨೦೧೭ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ೨೦೦೪ರಿಂದ ೨೦೦೯ರವರೆಗೆ ಒಂದು ವಿದ್ಯಾಲಯದಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳು, ಎಲ್ಲ ಬಗೆಯ ವರ್ಗಾವಣೆಗಳನ್ನೂ ಕೂಡಿಸಿ, ಸರಾಸರಿ ನೂರಕ್ಕೆ ೪೩ರಷ್ಟು ಕ್ರೆಡಿಟ್ಟುಗಳನ್ನು ಕಳೆದುಕೊಂಡರೆಂದು ಅದು ಅಂದಾಜು ಮಾಡಿತು. ಸರ್ಕಾರಿ ವಿದ್ಯಾಲಯಗಳ ನಡುವಣ ವರ್ಗಾವಣೆಗಳಲ್ಲಿ ನಷ್ಟವು ಇದಕ್ಕಿಂತ ಕಡಮೆ, ಆದರೂ ಅಲ್ಪವಲ್ಲ. ಇನ್ನೊಂದು ಲೆಕ್ಕ ಮತ್ತೂ ಗಂಭೀರವಾದದ್ದು. ಎರಡು ವರ್ಷದ ಕಾಲೇಜಿಗೆ ಸೇರುವಾಗ ಮುಂದೆ ಬ್ಯಾಚೆಲರ್ ಡಿಗ್ರಿಯನ್ನು ಪಡೆಯಬೇಕೆಂದು ಬಯಸುವವರು ನೂರಕ್ಕೆ ಸುಮಾರು ಎಂಬತ್ತು ಮಂದಿ. ನಿಜವಾಗಿ ನಾಲ್ಕು ವರ್ಷದ ವಿದ್ಯಾಲಯಕ್ಕೆ ದಾಟುವವರು ಸುಮಾರು ಮೂರನೆಯ ಒಂದು ಪಾಲು. ಸೇರಿದ ಆರು ವರ್ಷಗಳೊಳಗೆ ಬ್ಯಾಚೆಲರ್ ಡಿಗ್ರಿಯನ್ನು ಕೈಗೆ ಪಡೆಯುವವರು ನೂರಕ್ಕೆ ಸುಮಾರು ಹದಿನಾರು.

ಎಂಬತ್ತು ಮಂದಿಯ ಆಸೆ ಹದಿನಾರು ಮಂದಿಯ ಸಿದ್ಧಿಯಾಗುವುದಕ್ಕೆ ಕಾರಣಗಳು ಹಲವು. ಈ ವಿದ್ಯಾರ್ಥಿಗಳಲ್ಲಿ ಅನೇಕರು ಹಗಲು ದುಡಿದು ಸಂಜೆ ಓದತಕ್ಕವರು. ಕೆಲವರು ಮಕ್ಕಳನ್ನು ಸಾಕತಕ್ಕವರು. ಮನೆಯಲ್ಲಿ ಕಾಯಿಲೆಯಾದರೆ, ಕೆಲಸದ ಹೊತ್ತು ಬದಲಾದರೆ, ಪಾಠ ನಿಲ್ಲುತ್ತದೆ. ಇದಲ್ಲದೆ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ೧೯೬೦ರಲ್ಲಿ ಇನ್ನೊಂದು ಕಾರಣವನ್ನು ಎತ್ತಿ ತೋರಿಸಿದರು. ಸ್ಯಾನ್ ಹೋಸೆ ನಗರದ ಇಂತಹ ಕಾಲೇಜೊಂದನ್ನು ಪರಿಶೀಲಿಸಿ, ಅದು ವಿದ್ಯಾರ್ಥಿಯ ಆಸೆಯನ್ನು ಒಮ್ಮೆಗೇ ಮುರಿಯದೆ, ಪರೀಕ್ಷೆಗಳಿಂದಲೂ ಸಲಹೆಗಳಿಂದಲೂ ಮೆಲ್ಲಮೆಲ್ಲನೆ ತಣ್ಣಗೆ ಮಾಡುತ್ತದೆ ಎಂದು ಅವರು ಹೇಳಿದರು. ನಿನಗೆ ವಿಶ್ವವಿದ್ಯಾನಿಲಯ ಬೇಡ ಎಂದು ಯಾರೂ ಹೇಳುವುದಿಲ್ಲ. ಕೊನೆಗೆ ಅವನೇ ಹಾಗೆ ಹೇಳಿಕೊಳ್ಳುತ್ತಾನೆ. ಅಧ್ಯಾಪಕವೃತ್ತಿಯವರಾದ ನಾವು ಈ ಮಾತನ್ನು ಓದಿ ಸುಮ್ಮನೆ ಮುಂದೆ ಹೋಗಲಾರೆವು. ಯೋಗ್ಯತೆ ಇಲ್ಲದವನು ಹಿಂದುಳಿದರೆ ಅದು ಬೇರೆ ವಿಷಯ. ಯೋಗ್ಯತೆಯಿದ್ದು, ದಾರಿ ತಿಳಿಯದುದರಿಂದಲೇ ಹಿಂದುಳಿದು, ಆ ಹಿನ್ನಡೆಯನ್ನು ತನ್ನ ಅಯೋಗ್ಯತೆಯೆಂದು ಅವನು ನಂಬಿದರೆ, ಅದು ವಿದ್ಯೆಯ ಹೆಸರಿನಲ್ಲಿ ನಡೆದ ಅನ್ಯಾಯ.

ಈ ಅನ್ಯಾಯವನ್ನು ಕಡಮೆಮಾಡುವ ಪ್ರಯತ್ನಗಳೂ ನಡೆದಿವೆ. ಅವುಗಳ ತಿರುಳು ಒಂದೇ: ವಿದ್ಯಾರ್ಥಿಯು ನದಿಯ ದಡಕ್ಕೆ ಬಂದ ಮೇಲೆ ದೋಣಿಯನ್ನು ಹುಡುಕುವಂತಾಗಬಾರದು, ಮುಂಚಿತವಾಗಿಯೇ ಸೇತುವೆ ಕಟ್ಟಿರಬೇಕು. ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾನಿಲಯದ ಯಾವ ಪಾಠಕ್ಕೆ ಸಮವೆಂಬುದನ್ನು ವಿದ್ಯಾಲಯಗಳು ತಮ್ಮತಮ್ಮಲ್ಲಿ ಮೊದಲೇ ಒಪ್ಪಿ ಬರೆದಿಡುವುದೇ ಆ ಸೇತುವೆ. ಫ್ಲಾರಿಡಾ ಸಂಸ್ಥಾನವು ೧೯೭೧ರಲ್ಲಿಯೇ ಇಡೀ ಸಂಸ್ಥಾನಕ್ಕೆ ಅನ್ವಯಿಸುವ ಒಪ್ಪಂದವನ್ನು ಮಾಡಿಕೊಂಡಿತು. ಅಲ್ಲಿ ಸರ್ಕಾರಿ ಕಾಲೇಜುಗಳ ಪಾಠಗಳಿಗೆಲ್ಲ ಸಮಾನವಾದ ಸಂಖ್ಯೆಗಳಿವೆ. ಅಸೋಸಿಯೇಟ್ ಇನ್ ಆರ್ಟ್ಸ್ ಪಡೆದವನಿಗೆ ಸಂಸ್ಥಾನದ ವಿಶ್ವವಿದ್ಯಾನಿಲಯಗಳಲ್ಲಿ ಒಂದರಲ್ಲಿ ಸ್ಥಾನ ಖಂಡಿತ. ತಾನು ಬಯಸಿದ್ದರಲ್ಲಿಯೇ, ಬಯಸಿದ ವಿಷಯದಲ್ಲಿಯೇ ದೊರೆಯುವುದೆಂಬ ಭರವಸೆ ಮಾತ್ರ ಇಲ್ಲ.

ಕ್ಯಾಲಿಫೋರ್ನಿಯವು ೨೦೧೦ರಲ್ಲಿ ವರ್ಗಾವಣೆಗಾಗಿಯೇ ಒಂದು ವಿಶೇಷ ಅಸೋಸಿಯೇಟ್ ಡಿಗ್ರಿಯನ್ನು ಕಾನೂನಿನ ಮೂಲಕ ಏರ್ಪಡಿಸಿತು. ೬೦ ಯೂನಿಟ್ಟುಗಳ ಈ ಡಿಗ್ರಿಯನ್ನು ಪಡೆದವನಿಗೆ ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೂ ಒಂದು ಕೇಂದ್ರದಲ್ಲಿ ಮೂರನೆಯ ವರ್ಷದ ತರಗತಿಗೆ ಪ್ರವೇಶವುಂಟು. ವಿಷಯ ಹೊಂದಿಕೆಯಾಗಿದ್ದರೆ ಮತ್ತೆ ೬೦ ಯೂನಿಟ್ಟುಗಳಿಗಿಂತ ಹೆಚ್ಚನ್ನು ಅವನಿಂದ ಕೇಳಕೂಡದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ರೀತಿ ಬೇರೆ. ಅದು ಅಸೋಸಿಯೇಟ್ ಡಿಗ್ರಿಯನ್ನೇ ಕಡ್ಡಾಯವಾಗಿ ಕೇಳುವುದಿಲ್ಲ. ವರ್ಗಾವಣೆಗೆ ತಕ್ಕ ೬೦ ಯೂನಿಟ್ಟುಗಳನ್ನೂ ಮುಖ್ಯ ವಿಷಯದ ಪೂರ್ವಸಿದ್ಧತೆಯನ್ನೂ ಒಳ್ಳೆಯ ಅಂಕಗಳನ್ನೂ ಕೇಳುತ್ತದೆ. ಅದರ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಎಂಬ ಆರು ಕೇಂದ್ರಗಳು ಗೊತ್ತಾದ ನಿಬಂಧನೆಗಳನ್ನು ಪೂರೈಸಿದವರಿಗೆ ಮುಂಚಿತವಾಗಿ ಭರವಸೆಯನ್ನು ಬರೆದುಕೊಡುತ್ತವೆ. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕೇಂದ್ರಗಳಲ್ಲಿ ಇಂತಹ ಭರವಸೆಯಿಲ್ಲ. ಅಲ್ಲಿ ಸ್ಪರ್ಧೆಯೇ ಗತಿ. ಸಾಮಾನ್ಯ ವಿದ್ಯೆಯ ವಿಷಯದಲ್ಲಿ ಹಿಂದೆ ಎರಡು ವಿಶ್ವವಿದ್ಯಾನಿಲಯಗಳಿಗೂ ಬೇರೆಬೇರೆ ಪಟ್ಟಿಗಳಿದ್ದುವು. ೨೦೨೫ರಿಂದ ೩೪ ಯೂನಿಟ್ಟುಗಳ ಒಂದೇ ಪಟ್ಟಿ ಎರಡಕ್ಕೂ ಸಲ್ಲುವಂತಾಯಿತು. ಪಾಠಗಳ ಸಮಾನತೆಯನ್ನು ಅಸಿಸ್ಟ್ ಎಂಬ ಸಾರ್ವಜನಿಕ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು.

ಹಾಗಾದರೆ ಇಂತಹ ದಾರಿಯನ್ನು ಹಿಡಿಯುವವನು ಏನು ಮಾಡಬೇಕು? ಮೊದಲನೆಯ ಸೂತ್ರವೆಂದರೆ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಮನೆ ಕಟ್ಟುವವನು ಛಾವಣಿಯ ಭಾರವನ್ನು ತಿಳಿದು ತಳಪಾಯವನ್ನು ಅಗೆಯುವಂತೆ, ಯಾವ ವಿಶ್ವವಿದ್ಯಾನಿಲಯದಲ್ಲಿ ಯಾವ ವಿಷಯವನ್ನು ಓದಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಅಲ್ಲಿಯ ಮೂರನೆಯ ವರ್ಷದವನು ಏನು ತಿಳಿದಿರಬೇಕೆಂದು ನೋಡಿ, ಮೊದಲ ಸೆಮಿಸ್ಟರಿನ ಪಾಠಗಳನ್ನು ಆರಿಸಿಕೊಳ್ಳಬೇಕು. ಒಂದೇ ಗುರಿಯನ್ನು ಇಟ್ಟುಕೊಳ್ಳದೆ ಎರಡು ಮೂರು ವಿದ್ಯಾಲಯಗಳನ್ನು ಗಮನದಲ್ಲಿಟ್ಟು, ಎಲ್ಲಕ್ಕೂ ಸಲ್ಲುವ ಪಾಠಗಳಿಗೆ ಪ್ರಾಶಸ್ತ್ಯ ಕೊಡುವುದು ಜಾಣತನ.

ಎರಡನೆಯದು ಕಾಲಪ್ರಜ್ಞೆ. ಶರತ್ಕಾಲದಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ಸೇರಬೇಕಾದವನು ಹಿಂದಿನ ವರ್ಷದ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿಯೇ ಅರ್ಜಿ ಹಾಕಬೇಕು. ಎಂದರೆ ಎರಡು ವರ್ಷದ ವ್ಯಾಸಂಗದಲ್ಲಿ ಅರ್ಜಿಯ ಹೊತ್ತಿಗೆ ಪೂರ್ತಿ ಮುಗಿದಿರುವುದು ಒಂದೇ ವರ್ಷ. ಆ ಒಂದು ವರ್ಷದ ಅಂಕಗಳೇ ಅವನ ಸಾಕ್ಷಿ. ಮೊದಲ ವರ್ಷವನ್ನು ಅಭ್ಯಾಸಕ್ಕಾಗಿ ಕಳೆದು ಎರಡನೆಯ ವರ್ಷದಲ್ಲಿ ಶ್ರಮಪಡುತ್ತೇನೆಂಬುವನಿಗೆ ಇಲ್ಲಿ ಅವಕಾಶವಿಲ್ಲ.

ಮೂರನೆಯದು ಕಾಗದದ ಶಿಸ್ತು. ಪ್ರತಿಯೊಂದು ಪಾಠದ ವಿಷಯಾನುಕ್ರಮಣಿಕೆಯನ್ನು ತೆಗೆದಿಡಬೇಕು. ಸಮಾನತೆಯ ವಿವಾದ ಹುಟ್ಟಿದಾಗ ಅದೇ ದಾಖಲೆ. ಸಲಹೆಗಾರರ ಬಾಯಿಮಾತಿಗೆ ತೃಪ್ತನಾಗದೆ ಬರಹದ ಉತ್ತರವನ್ನು ಕೇಳಬೇಕು. ಎಷ್ಟು ಯೂನಿಟ್ಟುಗಳನ್ನು ಒಪ್ಪುತ್ತೀರಿ ಎಂದಷ್ಟೇ ಕೇಳಿ ನಿಲ್ಲಬಾರದು; ನನ್ನ ಡಿಗ್ರಿಗೆ ಇನ್ನೆಷ್ಟು ಯೂನಿಟ್ಟುಗಳು ಉಳಿಯುತ್ತವೆ ಎಂದೂ ಕೇಳಬೇಕು. ವಟ್ಟ ಎಷ್ಟೆಂಬುದು ಹೊರಬೀಳುವುದು ಈ ಎರಡನೆಯ ಪ್ರಶ್ನೆಯಿಂದ.

ಹಣದ ಮಾತನ್ನೂ ಬಿಡಲಾಗದು. ಕ್ಯಾಲಿಫೋರ್ನಿಯದ ನಿವಾಸಿಗಳಿಗೆ ಎರಡು ವರ್ಷದ ಕಾಲೇಜಿನ ಶುಲ್ಕ ೨೦೧೨ರಲ್ಲಿ ಯೂನಿಟ್ಟಿಗೆ ೪೬ ಡಾಲರುಗಳೆಂದು ನಿಗದಿಯಾಯಿತು. ಆ ದರದಲ್ಲಿ ೬೦ ಯೂನಿಟ್ಟುಗಳಿಗೆ ೨,೭೬೦ ಡಾಲರುಗಳು. ವಿಶ್ವವಿದ್ಯಾನಿಲಯದ ಒಂದೇ ವರ್ಷದ ಶುಲ್ಕ ಇದರ ಹಲವು ಪಾಲು. ಆದರೆ ಈ ದರ ಇಲ್ಲಿಂದ ಹೋಗುವ ನಮ್ಮ ವಿದ್ಯಾರ್ಥಿಗಳಿಗಲ್ಲ. ಪರದೇಶದವರು ಯೂನಿಟ್ಟಿಗೆ ಇದರ ಅನೇಕ ಪಾಲನ್ನು ಕೊಡಬೇಕು. ಸೆಮಿಸ್ಟರಿಗೆ ೧೨ ಯೂನಿಟ್ಟುಗಳಿಗೆ ಕಡಮೆಯಾಗದಂತೆ ಓದಬೇಕು. ಕಾಲೇಜು ಪರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅಧಿಕಾರವುಳ್ಳದ್ದಾಗಿರಬೇಕು. ವಿದ್ಯಾಲಯವನ್ನು ಬದಲಿಸುವಾಗ ತಮ್ಮ ರಹದಾರಿಯ ದಾಖಲೆಯನ್ನೂ ಕ್ರಮವಾಗಿ ವರ್ಗಾಯಿಸಿಕೊಳ್ಳಬೇಕು. ಜಮೀನನ್ನು ಆಧಾರವಿಟ್ಟು ಮಗನನ್ನು ಕಳುಹಿಸುವ ತಂದೆಯು ಈ ಲೆಕ್ಕವನ್ನು ಮೊದಲೇ ಮಾಡುವುದು ಕ್ಷೇಮ.

ದಾಟಿದ ಮೇಲೂ ಒಂದು ಪರೀಕ್ಷೆ ಕಾದಿರುತ್ತದೆ. ಹೊಸ ವಿದ್ಯಾಲಯದ ಮೊದಲ ಅವಧಿಯಲ್ಲಿ ವರ್ಗಾವಣೆಯಾದವರ ಅಂಕಗಳು ಸ್ವಲ್ಪ ಇಳಿಯುವುದುಂಟು. ಜಾನ್ ಹಿಲ್ಸ್ ಎಂಬ ವಿದ್ವಾಂಸರು ೧೯೬೫ರಲ್ಲಿ ಇದಕ್ಕೆ ವರ್ಗಾವಣೆಯ ಆಘಾತ ಎಂಬ ಅರ್ಥದ ಹೆಸರನ್ನು ಕೊಟ್ಟರು. ಮೂವತ್ತು ಜನರ ತರಗತಿಯಿಂದ ಮುನ್ನೂರು ಜನರ ಸಭಾಂಗಣಕ್ಕೆ ಹೋದವನಿಗೆ ಇದು ಆಶ್ಚರ್ಯವಲ್ಲ. ಬಹುಮಂದಿ ಒಂದೆರಡು ಅವಧಿಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಇಂತಹ ಇಳಿತ ಅನೇಕರಿಗೆ ಬರತಕ್ಕದ್ದೆಂದು ಮೊದಲೇ ತಿಳಿದಿದ್ದವನು ಧೈರ್ಯಗೆಡುವುದಿಲ್ಲ. ತಿಳಿಯದವನು ತಾನು ಇಲ್ಲಿಗೆ ತಕ್ಕವನಲ್ಲವೆಂದು ಭಾವಿಸಿ, ದಡ ಮುಟ್ಟಿದ ಮೇಲೆ ಹಿಂದಿರುಗುವುದೂ ಉಂಟು.

ಈ ದಾರಿಯಲ್ಲಿ ನಡೆದವರು ಎಷ್ಟು ದೂರ ಹೋಗಬಹುದೆಂಬುದಕ್ಕೆ ಒಂದೇ ನಿದರ್ಶನ ಸಾಕು. ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರಾ ಎಂಬ ಊರಿನಲ್ಲಿ ಹುಟ್ಟಿದ ಐಲೀನ್ ಕಾಲಿನ್ಸ್ ಎಂಬಾಕೆ, ಸಮೀಪದ ಕಾರ್ನಿಂಗ್ ಕಮ್ಯೂನಿಟಿ ಕಾಲೇಜಿನಿಂದ ೧೯೭೬ರಲ್ಲಿ ಅಸೋಸಿಯೇಟ್ ಡಿಗ್ರಿಯನ್ನು ಪಡೆದರು. ಸಿರಾಕ್ಯೂಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಸರಿಯಾಗಿ ಎರಡು ವರ್ಷಕ್ಕೆ, ೧೯೭೮ರಲ್ಲಿ, ಬಿ.ಎ. ಮುಗಿಸಿದರು. ೧೯೯೫ರಲ್ಲಿ ಅಂತರಿಕ್ಷನೌಕೆಯನ್ನು ನಡೆಸಿದ ಮೊದಲ ಅಮೆರಿಕನ್ ಮಹಿಳೆಯೂ, ೧೯೯೯ರಲ್ಲಿ ಅಂತಹ ನೌಕೆಯ ನಾಯಕತ್ವ ವಹಿಸಿದ ಮೊದಲ ಮಹಿಳೆಯೂ ಅವರೇ. ಊರ ಕಾಲೇಜಿನಲ್ಲಿ ಗಳಿಸಿದ ಎರಡು ವರ್ಷಗಳಿಗೆ ವಟ್ಟ ಬೀಳದೆ ಹೋದುದರಿಂದ ಅವರ ನಾಲ್ಕು ವರ್ಷ ನಾಲ್ಕೇ ವರ್ಷವಾಗಿ ಉಳಿಯಿತು.

ನಮ್ಮ ದೇಶಕ್ಕೂ ಈ ಪ್ರಶ್ನೆ ಈಗ ಹೊರಗಿನದಾಗಿ ಉಳಿದಿಲ್ಲ. ಇಂಟರ್‌ಮೀಡಿಯೆಟ್‌ನ ಹಳೆಯ ಕ್ರಮ ೧೯೫೦ರ ದಶಕದಿಂದೀಚೆಗೆ ನಮ್ಮ ಕಡೆ ಮರೆಯಾಯಿತು. ೨೦೨೦ರ ರಾಷ್ಟ್ರೀಯ ವಿದ್ಯಾಭ್ಯಾಸ ನೀತಿಯು ಕಾಲೇಜಿನಲ್ಲಿ ಎರಡು ವರ್ಷ ಓದಿ ನಿಲ್ಲುವವನಿಗೆ ಡಿಪ್ಲೊಮಾ ಕೊಡಬಹುದೆಂದು ಸೂಚಿಸಿತು. ಗಳಿಸಿದ ಕ್ರೆಡಿಟ್ಟುಗಳನ್ನು ಜಮಾ ಇಟ್ಟು ಬೇರೆ ವಿದ್ಯಾಲಯದಲ್ಲಿ ಬಳಸುವುದಕ್ಕಾಗಿ ೨೦೨೧ರಲ್ಲಿ ಒಂದು ಶೈಕ್ಷಣಿಕ ಬ್ಯಾಂಕಿನ ನಿಯಮಗಳು ಹೊರಟವು. ಬ್ಯಾಂಕಿನಲ್ಲಿ ಜಮಾ ಆಗುವುದು ಒಳ್ಳೆಯದೇ. ಆದರೆ ಜಮಾ ಆದ ನಾಣ್ಯವನ್ನು ಎದುರಿನ ಅಂಗಡಿ ಪೂರ್ತಿ ಬೆಲೆಗೆ ತೆಗೆದುಕೊಳ್ಳಬೇಕು. ಎರಡು ವಿದ್ಯಾಲಯಗಳ ಅಧ್ಯಾಪಕರು ಒಂದು ಮೇಜಿನ ಸುತ್ತ ಕುಳಿತು, ಪಾಠಕ್ಕೆ ಪಾಠವನ್ನು ಹೋಲಿಸಿ 'ಇದು ಅದಕ್ಕೆ ಸಮ' ಎಂದು ಸಹಿ ಹಾಕದಿದ್ದರೆ, ಬ್ಯಾಂಕಿನ ಪುಸ್ತಕದಲ್ಲಿ ಅಂಕೆ ಮಾತ್ರ ಉಳಿಯುತ್ತದೆ. ಈ ಪಾಠವನ್ನು ಅಮೆರಿಕ ಬಹಳ ಕಾಲ ಕಷ್ಟಪಟ್ಟು ಕಲಿಯುತ್ತಿದೆ. ನಾವು ಅದನ್ನು ನೋಡಿಯೇ ಕಲಿಯಬಹುದು.

ಒಟ್ಟಿನಲ್ಲಿ ಹೇಳಬೇಕಾದದ್ದು ಇಷ್ಟು. ಎರಡು ವರ್ಷದ ಡಿಗ್ರಿ ಕೀಳಾದದ್ದಲ್ಲ. ಸರಿಯಾಗಿ ಹಿಡಿದರೆ ಅದು ವಿಶ್ವವಿದ್ಯಾನಿಲಯದ ಅರ್ಧ ದಾರಿ. ಆದರೆ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ದಾರಿ ಹಾಕಿದೆಯೆಂದು ತಿಳಿಯಬಾರದು. ದಾರಿ ಹಾಕುವುದು ವಿದ್ಯಾಲಯಗಳ ಕರ್ತವ್ಯ; ಹಾಕಿದ ದಾರಿ ಎಲ್ಲಿದೆಯೆಂದು ಮೊದಲ ದಿನವೇ ವಿಚಾರಿಸುವುದು ವಿದ್ಯಾರ್ಥಿಯ ಕರ್ತವ್ಯ. ಬಡವನ ಮಗನಿಗೆ ಹಣಕ್ಕಿಂತಲೂ ಅಮೂಲ್ಯವಾದದ್ದು ಅವನ ಯೌವನದ ಎರಡು ವರ್ಷಗಳು. ಅವು ಲೆಕ್ಕಕ್ಕೆ ಬರುವಂತೆ ನೋಡಿಕೊಳ್ಳುವ ವಿದ್ಯಾಲಯವೇ ತನ್ನ ಬಾಗಿಲನ್ನು ನಿಜವಾಗಿ ತೆರೆದದ್ದು.